ಕೋಡಿ ಬಿತ್ತೆಂದು ಕೂಗಿದವಳು

ಮಂಚೇನಹಳ್ಳಿ
14 ಅಕ್ಟೋಬರ್ 2025

ಕಲ್ಯಾಣಿ ಅಕ್ಕನಿಗೆ ಯಾಮಿನಿಯ ನಮಸ್ಕಾರ.

ಮೂರು ವರ್ಷ ನಿನ್ನಿಂದ ಮುಚ್ಚಿಟ್ಟಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಮ್ಮ ನೀರುಪಾಲಾದ ದಿನ ದೇವಸ್ಥಾನದ ಮೈಕಿನಲ್ಲಿ ಕೂಗಿದ್ದು ನಾನು. ಆಂಜಿನಮ್ಮ ಹಟಮಾರಿ, ಎಚ್ಚರಿಸಿದರೂ ಮಾತು ಕೇಳಲಿಲ್ಲ ಎಂದು ನಿನಗೆ ಹೇಳಿದರಲ್ಲ, ಅದು ಸುಳ್ಳು. ಕೇಳಿದರು. ಕೇಳಿದ್ದಕ್ಕೇ ಹೋದರು.

ಕೆರೆ ಕಟ್ಟೆ ಬಿರುಕು ಬಿಟ್ಟಿದ್ದನ್ನು ವಿಪತ್ತು ಸಮಿತಿಯ ರಮೇಶ್‌ಬಾಬು ಬೆಳಿಗ್ಗೆಯೇ ನೋಡಿದ್ದ. ಕಟ್ಟೆ ಕೆಳಗಿನ ನಮ್ಮ ಕೇರಿಯವರು ಶಾಲೆ ದಿಬ್ಬ ಹತ್ತಬೇಕಿತ್ತು. ಜನ ಗಾಬರಿಯಾಗುತ್ತಾರೆಂದು ಆತ ಅದನ್ನು ಬರೆಯಲೇ ಇಲ್ಲ. ನನ್ನದು ದೊಡ್ಡ ಗಂಟಲೆಂದು ಕರೆದು, ಮೈಕಿನಲ್ಲಿ ಕೂಗಲು ಕೊಟ್ಟ ಚೀಟಿಯಲ್ಲಿದ್ದದ್ದು ‘ಕೆರೆ ಕೋಡಿ ಬಿದ್ದಿದೆ, ಎಚ್ಚರ’ ಅಷ್ಟೇ. ಇಪ್ಪತ್ತು ವರ್ಷ ತುಂಬದ ಕೆರೆ. ಕೋಡಿ ಬಿತ್ತು, ತುಂಬಿ ಹರಿಯಿತು ಅಂದರೆ ನಮ್ಮ ಕಡೆ ಯಾರಾದರೂ ಹೆದರುತ್ತಾರಾ? ಹೆಂಗಸರು ಅರಿಶಿನ ಕುಂಕುಮ, ಗಂಡಸರು ಮೊಬೈಲು ಹಿಡಿದು ನೀರಿನ ಕಡೆಗೇ ಓಡಿದರು. ಬಾಗಿನ ಬಿಡಲು ಬಗ್ಗಿದ ನಿಮ್ಮಮ್ಮನ ಕಾಲಡಿಯ ಮಣ್ಣು ಕುಸಿಯಿತು.

ಈಗ ಕೆರೆ ಮತ್ತೆ ತುಂಬಿದೆ. ಬಿರುಕಿಗೆ ಮಣ್ಣು ಮೆತ್ತಿದ್ದಾರೆ, ಅಷ್ಟೇ. ಇವತ್ತು ಪಂಚಾಯ್ತಿಯಲ್ಲಿ, ನೆರೆ ಬಂದರೆ ಏನು ಮಾಡಬೇಕೆಂದು ಅಣಕು ಪ್ರದರ್ಶನ ಮಾಡಿದರು. ಲೈಫ್ ಜಾಕೆಟ್ಟುಗಳನ್ನು ಫೋಟೊಗೆ ಹಾಕಿಕೊಂಡು ಮತ್ತೆ ಕವರಿಗೆ ತುಂಬಿದರು. ಹಗ್ಗ ರಮೇಶ್‌ಬಾಬು ಮನೆ ಶಾಮಿಯಾನಕ್ಕೆ ಹೋಗಿದೆಯಂತೆ. ಆಮೇಲೆ ಆತ ನಿಮ್ಮಮ್ಮನ ಹೆಸರೆತ್ತಿ, ಮಾತು ಕೇಳದಿದ್ದರೆ ಹೀಗಾಗುತ್ತದೆ ಎಂದು ಮಕ್ಕಳಿಗೆ ಪಾಠ ಹೇಳಿದ. ಚಿತ್ರಾನ್ನ ತಿನ್ನುತ್ತ ಎಲ್ಲರೂ ತಲೆಯಾಡಿಸಿದರು.

ಎದ್ದು ನಿಂತು, ಮೈಕಿನಲ್ಲಿ ಕೂಗುವ ಚೀಟಿಯಿಂದ ಕೋಡಿ ಎಂಬ ಮಾತು ತೆಗೆಯಿರಿ, ದಿಬ್ಬ ಹತ್ತಿ ಎಂದು ಬರೆಯಿರಿ ಅಂದೆ.

“ಒಂಬತ್ತನೇ ಕ್ಲಾಸು ದಾಟ್ಲಿಲ್ಲ, ನಮಗೆ ಬರೆಯೋದು ಹೇಳ್ಕೊಡ್ತೀಯೇನಮ್ಮ?” ಅಂದ ರಮೇಶ್‌ಬಾಬು. ನಮ್ಮ ಕೇರಿಯವರೂ ನಕ್ಕರು.

“ಓದಿದೋರು ಬರೆದಿದ್ದಕ್ಕೇ ಒಬ್ರು ಸತ್ತಿದ್ದು ಕಣಣ್ಣ.”

“ಅವತ್ತು ಅದನ್ನ ಕೂಗ್ದೋಳು ನೀನೇ ಅಲ್ವಾ? ಕೂತ್ಕೊ.”

ಕೂರಲಿಲ್ಲ. ಎದ್ದು ಬಂದೆ. ಸಂಜೆ ಕೇರಿಯ ಮನೆಮನೆಗೂ ಹೋಗಿ, ಮೈಕಿನಲ್ಲಿ ಕೋಡಿ ಅಂದರೆ ದಿಬ್ಬ ಹತ್ತಿ ಎಂದು ಹೇಳಿದೆ. ಹೂಂ ಅಂದರು. ಹತ್ತುತ್ತಾರೆಂಬ ನಂಬಿಕೆ ನನಗಿಲ್ಲ.

ನಿನ್ನ ಕ್ಷಮೆ ಕೇಳಲು ಬಾಯಿಲ್ಲದ,
ಯಾಮಿನಿ

ಮರೆತು ಬಿಟ್ಟಿದ್ದಲ್ಲ, ಬರೆಯಲು ಕೈ ಬರಲಿಲ್ಲ: ಚೀಟಿಯಲ್ಲಿದ್ದ ‘ಎಚ್ಚರ’ವನ್ನು ನಾನು ಓದಲೇ ಇಲ್ಲ. ಕೋಡಿ ಬಿತ್ತು ಅಂದದ್ದೇ, ಖುಷಿಗೆ ಮೈಕು ಬಿಟ್ಟು ನಾನೂ ಓಡಿದೆ. ಬಾಗಿನದ ಮೊರವನ್ನು ನಿಮ್ಮಮ್ಮನ ಕೈಗೆ ಕೊಟ್ಟಿದ್ದು ನಾನೇ. ಕೆರೆ ತುಂಬಿರುವಾಗ ಈ ಕಟ್ಟೆ ಕೆಳಗೆ ಮಲಗಲಾರೆ; ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ನಮ್ಮಮ್ಮನನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ, ರೇಷ್ಮೆ ಕೆಲಸಕ್ಕೆ ಹೊರಡುತ್ತಿದ್ದೇನೆ.