ಯಂತ್ರ ಕಟ್ಟಬೇಡಿ

ಜೂನ್ 3
ಎಂದಿನಂತೆ ಚಪ್ಪಲಿ ಹೊರಗೆ, ನೀಲಿ ಗೌನು ಮೈಮೇಲೆ. ಒದ್ದೆ ಹತ್ತಿಯಿಂದ ಅಪ್ಪನ ತುಟಿ ಒರೆಸಿದೆ. ಬಾಯಲ್ಲಿ ಕೊಳವೆ, ಪಕ್ಕದಲ್ಲಿ ವೆಂಟಿಲೇಟರ್ ಬುಸ್ ಬುಸ್. ಇದು ಬೇಡವೆಂದೇ ಹೋದ ವರ್ಷ ಲಿವಿಂಗ್ ವಿಲ್ ಬರೆದಿಟ್ಟಿದ್ದ. ಸಾಕ್ಷಿಗಳು, ನೋಟರಿ ಮೊಹರು, ತನಗೆ ಮಾತಾಡಲಾಗದಿದ್ದರೆ ಮಗಳನ್ನು ಕೇಳಿ ಎಂದು ನನ್ನ ಹೆಸರು — ಎಲ್ಲ ಇದೆ. ಅಪ್ಪ ಕುಸಿದ ದಿನ ನಾನು ಹೊಲಿಗೆ ಕಾರ್ಖಾನೆಯಲ್ಲಿ, ಫೋನು ಲಾಕರಿನಲ್ಲಿ. ಚಿಕ್ಕಪ್ಪ ಸಹಿ ಹಾಕಿದ, ಕೊಳವೆ ಇಳಿಯಿತು. ಇವತ್ತು ವಿಲ್ ಕೊಟ್ಟೆ. ಡಾಕ್ಟರಮ್ಮ ಓದಿ ಲೀಗಲ್‌ಗೆ ಕಳಿಸಿದರು.

ಜೂನ್ 4
ಲೀಗಲ್ ಅಂದರೆ ಮೇಲಿನ ಮಹಡಿಯ ಕೊನೆಯ ಕೋಣೆ, ಎಸಿ, ಒಬ್ಬ ಲಾಯರು. ವಿಲ್‌ನಲ್ಲಿ ಅಪ್ಪ ಬರೆದ ಸಾಲಿನ ಮೇಲೆ ಬೆರಳಿಟ್ಟ: ‘ಕೊನೆಗಾಲದಲ್ಲಿ ನನಗೆ ಯಾವ ಯಂತ್ರವನ್ನೂ ಕಟ್ಟಬೇಡಿ.’
“ಮೇಡಂ, ಯಂತ್ರ ಕಟ್ಟೋದು ಅಂದ್ರೆ ತಾಯಿತ ಅಲ್ವಾ?”
ನಗಬೇಕೋ, ಟೇಬಲ್ ಮಗುಚಬೇಕೋ... ಅಪ್ಪ ಬದುಕಿಡೀ ಪಂಪು ರಿಪೇರಿ ಮಾಡಿದವನು. ಅವನಿಗೆ ತಿರುಗುವುದೆಲ್ಲ ಯಂತ್ರ. ಕೂರಿಸುವುದಕ್ಕೂ ಕಟ್ಟುವುದು ಅನ್ನುತ್ತಾನೆ. ಬಿಡಿಸಿ ಹೇಳಿದೆ. ಹಾಗಂತ ಇದರಲ್ಲಿ ಬರೆದಿಲ್ಲವಲ್ಲ ಎಂದ.

ಜೂನ್ 5
ಲಾಯರು ಅಂದದ್ದು ಕೇಳಿ ಚಿಕ್ಕಪ್ಪನಿಗೆ ಹಾಲು ಕುಡಿದಷ್ಟು ಸಂತೋಷ. ಹೋದಲ್ಲೆಲ್ಲ ತಾಯಿತ ತಂದು ಅಣ್ಣನ ತೋಳಿಗೆ ಕಟ್ಟುತ್ತಿದ್ದನಂತೆ, ಆ ಸಿಟ್ಟಿಗೇ ಬರೆದದ್ದಂತೆ. ಕಟ್ಟಿದ್ದು ನಿಜ. ಅಪ್ಪ ಅದನ್ನು ಬಿಚ್ಚಿ ಕೆಟ್ಟ ಪಂಪಿಗೆ ಕಟ್ಟಿದ್ದೂ ನಿಜ. ನೆನೆದು ಕ್ಯಾಂಟೀನಿನಲ್ಲಿ ಇಬ್ಬರೂ ನಕ್ಕೆವು. ಕೆಟ್ಟವನಲ್ಲ, ಅಣ್ಣ ಪಕ್ಕದಲ್ಲಿಲ್ಲದೆ ಊಟ ಸೇರದ ಮನುಷ್ಯ. ಆಮೇಲೆ ಅಂದ:
“ಅಪ್ಪನ ಉಸಿರು ನಿಲ್ಸೋಕೆ ಎಷ್ಟು ಓಡಾಡ್ತೀಯಮ್ಮ.”
ಟೀ ಅಲ್ಲೇ ಬಿಟ್ಟು ಎದ್ದೆ.

ಜೂನ್ 9
ಬರೆಯುವ ಮನಸ್ಸಿರಲಿಲ್ಲ. ಕೊಳವೆ ತೆಗೆಯಲು ಆಸ್ಪತ್ರೆಯ ಡಾಕ್ಟರುಗಳ ಮಂಡಳಿ ಒಪ್ಪಬೇಕು, ಅದನ್ನು ಇನ್ನೊಂದು ಮಂಡಳಿ ಒಪ್ಪಬೇಕು. ಅಲ್ಲಿನ ಡಾಕ್ಟರು ರಜೆ. ಸಾಯುವುದಕ್ಕೂ ಕೋರಂ! ಕೊನೆಗೆ ಡಾಕ್ಟರಮ್ಮನೇ ದಾರಿ ಹೇಳಿದರು — ಮಂಪರಿನ ಔಷಧ ಇಳಿಸಿದರೆ ಎಚ್ಚರವಾಗಬಹುದು, ಅವರನ್ನೇ ಕೇಳೋಣ.

ಜೂನ್ 10, ಸಂಜೆ
ಅಪ್ಪ ಕಣ್ಣು ಬಿಟ್ಟ. ಇಬ್ಬರನ್ನೂ ಗುರುತು ಹಿಡಿದ. ಡಾಕ್ಟರಮ್ಮ ಬಗ್ಗುವ ಮೊದಲೇ ನಾವು ಬಾಯಿ ಹಾಕಿದೆವು. ಈ ಕಿವಿಯಲ್ಲಿ ನಾನು, “ಅಪ್ಪ, ತೆಗೆಸ್ಲಾ?” ಆ ಕಿವಿಯಲ್ಲಿ ಚಿಕ್ಕಪ್ಪ, “ಅಣ್ಣ, ಇರ್ತೀಯಲ್ಲ?”
ಹೂಂ ಎಂಬಂತೆ ತಲೆ ಆಡಿಸಿದ. ಕಣ್ಣು ಮುಚ್ಚಿದ.
ಯಾರಿಗೆ ಹೂಂ? ಬಾಗಿಲಾಚೆ ಬಂದು ಕಿತ್ತಾಡಿದೆವು. ಡಾಕ್ಟರಮ್ಮ ಮೊದಲ ಸಲ ಗದರಿದರು: ನಾಳೆ ಒಬ್ಬರೇ ಕೇಳಬೇಕು, ವಿಲ್‌ನಲ್ಲಿರುವುದು ಮಗಳ ಹೆಸರು. ಹೊರಡುವಾಗ ಚಿಕ್ಕಪ್ಪ ಅಂದ:
“ನೀನೇ ಕೇಳು. ಆದ್ರೆ ಎರಡೂ ಕೇಳು.”

ಜೂನ್ 11, ಬೆಳಿಗ್ಗೆ
ಐಸಿಯು ಹೊರಗಿನ ಬೆಂಚು. ಇನ್ನೇನು ಕರೆಯುತ್ತಾರೆ. ತೆಗೆಸ್ಲಾ ಅಂದರೆ ಹೂಂ ಅನ್ನುತ್ತಾನೆ. ಇರ್ತೀಯಾ ಅಂದರೂ ಹೂಂ ಅನ್ನುತ್ತಾನೇನೋ... ನಾನು ಕೇಳಿದ್ದಕ್ಕೆ ಯಾವತ್ತೂ ಉಹೂಂ ಅಂದವನಲ್ಲ. ಹಾಗಾದರೆ ಹೇಗೆ ಕೇಳುವುದು? ಇಲ್ಲೇ ಬರೆದು ನೋಡುತ್ತೇನೆ.
ಅಪ್ಪ, ನಿಂಗೆ—