ಬುಜುಕಿಯಲ್ಲಿ ತೋಡಿ

ನವೆಂಬರ್ ೧೨, ಬುಧವಾರ. ಇಳಕಲ್.

ಬುಜುಕಿಯಲ್ಲಿ ತೋಡಿ ರಾಗದ ಗಾಂಧಾರ ಸಿಗದಿದ್ದರೆ ರವಿವಾರ ಬಾದಾಮಿಯ ಬೈಠಕ್ಕಿಗೆ ಬರುವುದು ಬೇಡ ಎಂದಿದ್ದರು ನನಗೆ ಸಂಗೀತ ಕಲಿಸುವ ಶಿವಪುತ್ರ ಮಾಸ್ತರರು. ಗ್ರೀಸ್ ದೇಶದ ಈ ವಾದ್ಯದಲ್ಲಿ ಸ್ವರದ ಪಟ್ಟಿಗಳನ್ನು ಜಡಿದೇ ಬಿಟ್ಟಿರುತ್ತಾರೆ, ಸರಿಸಲು ಬರುವುದಿಲ್ಲ. ಹೋದ ವಾರ ಅವನ್ನೆಲ್ಲ ಕಿತ್ತು, ಸಿತಾರಿಗೆ ಕಟ್ಟಿದಂತೆ ನಮ್ಮ ಮಗ್ಗದ ರೇಷ್ಮೆಯಿಂದ ಬೇರೆ ಪಟ್ಟಿ ಕಟ್ಟಿದೆ. ನೇಯುವಾಗ ಎಳೆ ಹರಿದರೆ ಹಾಕುವ ಗಂಟನ್ನೇ ಹಾಕಿದೆ.

"ಸೀರಿಗೆ ಇಟ್ಟ ರೇಷ್ಮಿ ಇದಕ್ಕ ಉಡಿಸಿದೆಲ್ಲ, ಯವ್ವಾ. ಇನ್ನ ಕುಬಸ ಒಂದ ಬಾಕಿ," ಎಂದಳು ಅವ್ವ.

ಇಂದು ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಒಂದು ಪಟ್ಟಿಯನ್ನು ತಾವೇ ಕೂದಲೆಳೆಯಷ್ಟು ಸರಿಸಿದರು. ಗಾಂಧಾರ ಬಂತು.

"ರವಿವಾರ ಬಸ್ಸಿಗೆ ಲಗೂ ಬಾ. ಇದೇನು ವಾದ್ಯ ಅಂತ ಮಂದಿ ಕೇಳ್ತಾರ. ನೀನ ಹೇಳಬೇಕ, ನಾ ಹೇಳಂಗಿಲ್ಲ."

ನುಡಿಸಲು ಭಯವಿಲ್ಲ. ಹೇಳಬೇಕಾದ ಮಾತನ್ನು ಮಾತ್ರ ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಮೊದಲು ಅದರ ಹೆಸರು ಹೇಳಬೇಕೋ, ಇಲ್ಲಾ ನನ್ನದೋ?