ಎರಡನೇ ಹೊಲಿಗೆ ಯಂತ್ರ

ಮಾರ್ಚ್ ೧೪, ಗುರುವಾರ

ಇವತ್ತು ನಮ್ಮ ಕಾರ್ಮಿಕ ಸಂಘದವರು ಚಿಕ್ಕಮ್ಮನನ್ನು ಸಭೆಯ ಬಾಗಿಲಲ್ಲೇ ತಡೆದದ್ದು ಅನ್ಯಾಯ. ಹೊಲಿಗೆಯವರ ಕೂಲಿ ಹೆಚ್ಚಿಸಲು ಕರೆದ ಸಭೆ ಅದು. ಅವಳ ಮನೆಯಲ್ಲಿ ಎರಡು ಯಂತ್ರಗಳಿವೆ, ಎರಡನೆಯದರಲ್ಲಿ ಪಕ್ಕದ ಮನೆಯಾಕೆ ಕೂಲಿಗೆ ಹೊಲಿಯುತ್ತಾಳೆ. ಹಾಗಾಗಿ ಚಿಕ್ಕಮ್ಮ ಮಾಲೀಕಳು ಎಂದರು ಕಾರ್ಯದರ್ಶಿ. ಸಂಘಕ್ಕಾಗಿ ನಾನು ಹಂಚುವ ಕರಪತ್ರಗಳೂ ಹಾಗೇ ಹೇಳುತ್ತವೆ, ಆಳಿಟ್ಟು ದುಡಿಸುವವರು ಮಾಲೀಕರು ಎಂದು. ಪಕ್ಕದ ಮನೆಯಾಕೆ ಒಳಗೆ ಹೋದಳು. ಸಭೆ ಮುಗಿಯುವವರೆಗೆ ಆಕೆಯ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೆಟ್ಟಿಲ ಮೇಲೆ ಕೂತವಳು ಈ ಮಾಲೀಕಳೇ.

"ನಾನು ಓನರಮ್ಮ ಅಂತ ಮೊದ್ಲೇ ಹೇಳ್ಬಾರ್ದಿತ್ತೇನೋ? ಗುಂಡಿ ಹಾಕೋಕೂ ಒಬ್ಬ ಆಳು ಇಟ್ಕೋತಿದ್ದೆ," ಎಂದು ದಾರಿಯುದ್ದಕ್ಕೂ ನಗಿಸಿದಳು. ಮನೆಗೆ ಬಂದು ಊಟ ಮಾಡಲಿಲ್ಲ.

ಇಬ್ಬರಿಗೂ ಬಟ್ಟೆ ಕೊಡುವ ಗುತ್ತಿಗೆದಾರ ಒಬ್ಬನೇ. ಆದರೆ ಪಕ್ಕದಾಕೆಯ ಕೂಲಿಯಲ್ಲಿ ಚಿಕ್ಕಮ್ಮ ಸ್ವಲ್ಪ ಹಿಡಿದುಕೊಳ್ಳುವುದೂ ನಿಜ. ಅಂಗಡಿಯೊಂದರಲ್ಲಿ ಸಂಬಳಕ್ಕೆ, ಫ್ಯಾನಿನ ಕೆಳಗೆ ಬಿಲ್ಲು ಬರೆಯುವ ನಾನು ಮಾತ್ರ ಪಕ್ಕಾ ಕಾರ್ಮಿಕ. ಮಾಲೀಕರಿಗೂ ಕಾರ್ಮಿಕರಿಗೂ ನಡುವೆ ಗೆರೆ ಎಲ್ಲಿ ಎಳೆಯಬೇಕೋ ತಲೆಗೆ ಹತ್ತುತ್ತಿಲ್ಲ.

ಕಾರ್ಯದರ್ಶಿಯನ್ನು ಕೇಳಿದ್ದಕ್ಕೆ, "ನಿಂತ್ಕೊಂಡು ಹೇಳೋ ವಿಷ್ಯ ಅಲ್ಲ ತಮ್ಮಾ, ಕೂತು ಮಾತಾಡೋಣ" ಎಂದರು. ಕೂರುವುದಾದರೆ ಚಿಕ್ಕಮ್ಮ ಕೂತಿದ್ದ ಮೆಟ್ಟಿಲ ಮೇಲೇ, ಅವಳ ಎದುರಿಗೇ ಎಂದು ಒಪ್ಪಿಸಿದ್ದೇನೆ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.